ಹಳದಿ ಕಲ್ಲಿಗೆ ಕನ್ನಡ ಬೇಡವೇ?

ರಸ್ತೆ ಬದಿಯ ಕಲ್ಲನ್ನು ಒಮ್ಮೆ ನಿಂತು ನೋಡಿ. ತಲೆಗೆ ಹಳದಿ ಬಳಿದಿದ್ದರೆ ಅದು ರಾಷ್ಟ್ರೀಯ ಹೆದ್ದಾರಿ, ಒಡೆಯ ದೆಹಲಿ. ಹಸಿರಾದರೆ ರಾಜ್ಯ ಹೆದ್ದಾರಿ, ನಮ್ಮ ಲೋಕೋಪಯೋಗಿ ಇಲಾಖೆಯದು. ಕಿತ್ತಳೆಯಾದರೆ ಹಳ್ಳಿ ರಸ್ತೆ. ಯಾರ ಬಾಗಿಲು ತಟ್ಟಬೇಕು, ಯಾರನ್ನು ಬೈಯಬೇಕು ಎಂಬುದನ್ನು ಈ ಬಣ್ಣವೇ ಹೇಳುತ್ತದೆ.

ಚಿತ್ತಾಪುರ ತಾಲ್ಲೂಕಿನ ದಂಡೋತಿಯ ಸೇತುವೆ ಮುಳುಗಿತು, ದಾರಿ ಬಂದ್ ಆಯಿತು ಎಂಬ ಸುದ್ದಿಯನ್ನು ಮಳೆಗಾಲದಲ್ಲಿ ಎಷ್ಟು ಸಲ ಓದಿದ್ದೀರಿ! ಅದೇ ಕಾಗಿಣಾ ದಂಡೆಯ ಮಳಖೇಡದಿಂದ ರಾಷ್ಟ್ರಕೂಟರು ದೇಶ ಆಳಿದರು. ಇಂದು ದಂಡೋತಿಯ ರಸ್ತೆಗೆ 'ರಾಷ್ಟ್ರೀಯ' ಎಂಬ ಪಟ್ಟವಿಲ್ಲ. ಹಾಗಾಗಿ ಅದರ ಹೊಣೆ ಬೆಂಗಳೂರಿನದೇ, ದೆಹಲಿಯತ್ತ ಬೆರಳು ತೋರಿಸಿ ಜಾರಿಕೊಳ್ಳುವಂತಿಲ್ಲ. ಪಟ್ಟ ಸಿಕ್ಕಿರುವುದು ಕಲಬುರಗಿಯಿಂದ ವಾಡಿ ಮುಟ್ಟಿ ಯಾದಗಿರಿಗೆ ಹೋಗುವ ರಸ್ತೆಗೆ. ಅದರ ಸಂಖ್ಯೆ 150.

ಈ ಸಂಖ್ಯೆಗೂ ಲೆಕ್ಕವಿದೆ. 2010ರಲ್ಲಿ ಕೇಂದ್ರ ಎಲ್ಲ ಹೆದ್ದಾರಿಗಳಿಗೂ ಹೊಸ ಸಂಖ್ಯೆ ಕೊಟ್ಟಿತು. ಉತ್ತರ-ದಕ್ಷಿಣಕ್ಕೆ ಸಮ ಸಂಖ್ಯೆ, ಪೂರ್ವ-ಪಶ್ಚಿಮಕ್ಕೆ ಬೆಸ ಸಂಖ್ಯೆ, ಕವಲುಗಳಿಗೆ ಮೂರಂಕಿ. ಹುಮನಾಬಾದ್-ಕಲಬುರಗಿ ರಸ್ತೆ 218 ಹೋಗಿ 50 ಆಯಿತು, ಅದರ ಕವಲು 150. ಹುಮನಾಬಾದ್ ಮೇಲೆ ಹೈದರಾಬಾದಿಗೆ ಹೋಗುವ 9 ಈಗ 65. ಅಂಕಿ ಯಾವುದಾದರೇನು? ನಮ್ಮ ಜಗಳ ಅಕ್ಷರದ್ದು.

ನಮ್ಮ ರಸ್ತೆಯನ್ನೂ ರಾಷ್ಟ್ರೀಯ ಮಾಡಿ ಎಂದು ಊರೂರಲ್ಲಿ ಮನವಿ ಕೊಡುತ್ತಾರೆ. ಕೊಡಲಿ. ಖರ್ಚು ಕೇಂದ್ರದ್ದಾಗುತ್ತದೆ, ರಸ್ತೆ ಅಗಲವಾಗುತ್ತದೆ. ಆದರೆ 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ ಪ್ರಕಾರ ಆ ಗಳಿಗೆಯಿಂದ ರಸ್ತೆ ಕೇಂದ್ರದ ಸ್ವತ್ತು. ಟೋಲ್ ವಿಧಿಸುವ ಅಧಿಕಾರ ಅವರದು, ಪಕ್ಕದ ಹೊಲ ಸ್ವಾಧೀನಪಡಿಸಿಕೊಳ್ಳುವ ಅಧಿಕಾರವೂ ಅವರದು!

ಆ ಹೊಲದ ಮಾತು ಸ್ವಲ್ಪ ಬಿಡಿಸಿ ಹೇಳಬೇಕು. ಹೆದ್ದಾರಿಗೆ ಭೂಮಿ ಬೇಕೆಂದರೆ ಮೊದಲು ಗೆಜೆಟ್ ಅಧಿಸೂಚನೆ. ಅದು ಹಿಂದಿ, ಇಂಗ್ಲಿಷಿನಲ್ಲಿ. ನಮ್ಮ ರೈತನ ಪಹಣಿ ಕನ್ನಡದಲ್ಲಿ! ಅಧಿಸೂಚನೆಯ ಸಾರಾಂಶವನ್ನು ಎರಡು ಪತ್ರಿಕೆಗಳಲ್ಲಿ ಹಾಕಬೇಕು, ಒಂದು ಸ್ಥಳೀಯ ಭಾಷೆಯದಾಗಿರಬೇಕು ಎನ್ನುತ್ತದೆ ಕಾಯ್ದೆಯ 3ಎ ಕಲಮು. ಕಾಯ್ದೆಯಲ್ಲಿ ಕನ್ನಡಕ್ಕೆ ತೆರೆದ ಕಿಂಡಿ ಇದು ಎನ್ನಬೇಕು. ತಕರಾರು ಇದ್ದರೆ 21 ದಿನದೊಳಗೆ ಬರವಣಿಗೆಯಲ್ಲಿ ಕೊಡಬೇಕು. ಆಮೇಲೆ ಘೋಷಣೆ ಹೊರಟರೆ ಭೂಮಿ ಕೇಂದ್ರದ್ದು. ಪತ್ರಿಕೆಯ ಒಳಪುಟದ ಸರ್ವೆ ನಂಬರುಗಳ ರಾಶಿಯಲ್ಲಿ ತನ್ನ ಹೊಲ ಇದೆಯೆಂದು ತೊಗರಿ ಬಿತ್ತುವ ರೈತನಿಗೆ ಯಾರು ಹೇಳುತ್ತಾರೆ? ಪತ್ರಿಕೆಯೇ ಬಾರದ ಮನೆಯವನು ಏನು ಮಾಡಬೇಕು?

ಇನ್ನು ಕಲ್ಲು, ಫಲಕ. 2017ರಲ್ಲಿ ತಮಿಳುನಾಡಿನ ವೆಲ್ಲೂರು, ಕೃಷ್ಣಗಿರಿ ಕಡೆಯ ಹೆದ್ದಾರಿ ಕಲ್ಲುಗಳಲ್ಲಿ ಇಂಗ್ಲಿಷ್ ಅಳಿಸಿ ಹಿಂದಿ ಬರೆದಾಗ ಅಲ್ಲಿನ ಪಕ್ಷಗಳು ಎದ್ದು ನಿಂತವು. ನಮ್ಮವರು? ದೇಶದ ಮನೆಗಳಿಗೆ ನೆಲಹಾಸು ಕೊಟ್ಟಿದ್ದು ಶಹಾಬಾದ್ ಕಲ್ಲು. ಸಿಮೆಂಟು ಕೊಟ್ಟಿದ್ದು ವಾಡಿ, ಸೇಡಂ. ಆ ಲಾರಿಗಳ ಧೂಳು ಕುಡಿಯುವವರೂ ನಾವೇ. ನಮ್ಮ ಊರಿನ ಹೆಸರನ್ನು ನಮ್ಮ ಲಿಪಿಯಲ್ಲಿ ಮೊದಲು ಬರೆಯಿರಿ ಎಂದರೆ ಅದು ದೇಶದ್ರೋಹವೇ?

ಹಾಗಾದರೆ ಕೇಳಬೇಕಾದ್ದೇನು? ಪ್ರತಿ ಕಲ್ಲಿನ ಮೇಲೂ ಕನ್ನಡ, ಸರದಿಯ ಮೇಲೆ ಅಲ್ಲ. ಟೋಲ್ ದರಪಟ್ಟಿ, ಎಚ್ಚರಿಕೆ ಫಲಕಗಳಲ್ಲಿ ಕನ್ನಡ ಮೇಲೆ. ಹೆದ್ದಾರಿ ಸಹಾಯವಾಣಿ 1033ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಉತ್ತರ. ಅಪಘಾತದಲ್ಲಿ ಬಿದ್ದವನು ಹಿಂದಿ ಕಲಿತು ಬರಲಾರ. ಎಲ್ಲಕ್ಕಿಂತ ಮುಖ್ಯವಾಗಿ, ಭೂಸ್ವಾಧೀನದ ಸಾರಾಂಶ ಮಾತ್ರವಲ್ಲ, ಪೂರ್ತಿ ಅಧಿಸೂಚನೆ ಕನ್ನಡದಲ್ಲಿ ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಬೇಕು.

ಇದಕ್ಕೆಲ್ಲ ದೆಹಲಿಗೆ ಹೋಗಬೇಕಿಲ್ಲ. ರಾಷ್ಟ್ರೀಯ ಹೆದ್ದಾರಿಗಳೆಲ್ಲ ಪ್ರಾಧಿಕಾರದ ಕೈಯಲ್ಲಿಲ್ಲ. ಎಷ್ಟೋ ರಸ್ತೆಗಳ ಕೆಲಸ ಮಾಡಿಸುವುದು ನಮ್ಮ ಲೋಕೋಪಯೋಗಿ ಇಲಾಖೆಯ ಹೆದ್ದಾರಿ ವಿಭಾಗ. ಅಲ್ಲಿರುವವರು ನಮ್ಮ ಇಂಜಿನಿಯರರು, ಸಂಬಳ ನಮ್ಮ ಸರ್ಕಾರದ್ದು. ಮುಂದಿನ ಗ್ರಾಮಸಭೆ ಯಾವತ್ತು ಎಂದು ಪಂಚಾಯಿತಿಯಲ್ಲಿ ಕೇಳಿಟ್ಟುಕೊಳ್ಳಿ. ಠರಾವು ಕನ್ನಡದಲ್ಲಿ ಬರೆಸಿ, ಒಂದು ಪ್ರತಿ ಸಂಸದರಿಗೆ, ಒಂದು ಜಿಲ್ಲಾಧಿಕಾರಿಗೆ ಕಳಿಸಿ, ಸ್ವೀಕೃತಿಯ ಸಹಿ ಪಡೆಯಿರಿ.