ಕೊಂದವರೇ ಚೌಕಟ್ಟು ಹಾಕಿಸುತ್ತಾರೆ

ಹಳೆಯ ಪೋಸ್ಟರನ್ನು ಲ್ಯಾಮಿನೇಷನ್ ಯಂತ್ರಕ್ಕೆ ತೂರಿಸುವುದಕ್ಕೂ ಒಲೆಗೆ ಹಾಕುವುದಕ್ಕೂ ನನಗೆ ವ್ಯತ್ಯಾಸ ಕಾಣುವುದಿಲ್ಲ. ಬಿಸಿಗೆ ಕರಗಿದ ಅಂಟು ಕಾಗದದ ನಾರಿನೊಳಗೆ ಇಳಿದು ಗಟ್ಟಿಯಾದ ಮೇಲೆ ಅದನ್ನು ಬಿಡಿಸುವುದು ಹೆಚ್ಚುಕಡಿಮೆ ಆಗದ ಮಾತು. ಬಿಡಿಸಲು ಹೋದರೆ ಪ್ಲಾಸ್ಟಿಕ್ಕಿನ ಜೊತೆ ಬಣ್ಣವೂ ಎದ್ದು ಬರುತ್ತದೆ. ಹಾಗೇ ಬಿಟ್ಟರೆ ಒಳಗಿನ ಕಾಗದ ತನ್ನದೇ ಆಮ್ಲದಲ್ಲಿ ಬೆಂದು, ಹಳದಿಯಾಗಿ, ಹಪ್ಪಳದಂತೆ ಮುರಿಯುವ ಸ್ಥಿತಿಗೆ ಬರುತ್ತದೆ. ಇದನ್ನು ತಿಳಿಯದ ಮನೆಯವರು ಮಾಡಿದರೆ ಕ್ಷಮಿಸಬಹುದು. ಆದರೆ ನಾನು ಕಣ್ಣಾರೆ ಕಂಡದ್ದು ಬೇರೆ. ಸಂಸ್ಕೃತಿಯ ಹೆಸರಿನಲ್ಲೇ ನಡೆಯುವ ಸಂಸ್ಥೆಯೊಂದು ಕಂಪನಿ ನಾಟಕಗಳ, ಕಪ್ಪು ಬಿಳುಪು ಸಿನಿಮಾಗಳ ಪೋಸ್ಟರುಗಳ ಇಡೀ ಕಟ್ಟನ್ನು ಲ್ಯಾಮಿನೇಷನ್ ಮಾಡಿಸಿತು. ಎಲ್ಲವೂ ಒಂದೇ ಅಳತೆಯ ಚೌಕಟ್ಟಿಗೆ ಕೂರಬೇಕೆಂದು ಕೆಳಗಿನ ಅಂಚುಗಳನ್ನು ಕತ್ತರಿಸಿ ಹಾಕಿತು. ಆಮೇಲೆ ದೀಪ ಹಚ್ಚಿ ಪ್ರದರ್ಶನ ಉದ್ಘಾಟಿಸಿತು. ಕತ್ತರಿಸಿ ಕಸಕ್ಕೆ ಎಸೆದ ಆ ಎರಡು ಬೆರಳಗಲದ ಪಟ್ಟಿಯಲ್ಲೇ ಮುದ್ರಣಾಲಯದ ಹೆಸರಿತ್ತು, ಊರಿನ ಹೆಸರಿತ್ತು. ಪೋಸ್ಟರು ಎಲ್ಲಿ ಹುಟ್ಟಿತು ಎಂದು ಹೇಳಬಲ್ಲ ಸಾಕ್ಷಿ ಅದೊಂದೇ. ಬಂದವರೆಲ್ಲ ಚಪ್ಪಾಳೆ ತಟ್ಟಿದರು. ನನ್ನ ಹೊಟ್ಟೆಯೊಳಗೆ ಬೆಂಕಿ ಬಿದ್ದಿತ್ತು.

ಹಳೆಯ ಜಾಹೀರಾತು ಪೋಸ್ಟರುಗಳನ್ನು ಕೂಡಿಡುವುದು, ಹರಿದದ್ದನ್ನು ಸರಿಮಾಡುವುದು ನನ್ನ ಕೆಲಸ. ಸಾಬೂನು, ಬೀಡಿ, ಚಹಾ, ಸಿನಿಮಾ, ನಾಟಕ, ಜವಳಿ ಅಂಗಡಿಯ ಕ್ಯಾಲೆಂಡರು ಹೀಗೆ ಅಚ್ಚಾಗಿ ಗೋಡೆ ಸೇರಿದ್ದೆಲ್ಲ ನನಗೆ ಬೇಕು. ಜನ ಪ್ರೀತಿಯಿಂದಲೇ ತರುತ್ತಾರೆ. "ನಮ್ಮ ತಾತನ ಅಂಗಡೀಲಿತ್ತು ಸಾರ್, ಹಾಳಾಗಬಾರದು ಅಂತ ನಾವೇ ಟೇಪ್ ಹಾಕಿದ್ವಿ" ಅನ್ನುತ್ತಾರೆ. ಆ ಟೇಪಿನ ಅಂಟು ಕೆಲವೇ ವರ್ಷದಲ್ಲಿ ಕಂದು ಬಣ್ಣಕ್ಕೆ ತಿರುಗಿ ಕಾಗದದ ಆಚೆ ಬದಿಗೆ ಇಳಿದಿರುತ್ತದೆ. ಟೇಪು ಉದುರಿದರೂ ಕಲೆ ಹೋಗುವುದಿಲ್ಲ. ಇಂಥವರ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಹೇಳಿಕೊಡಬೇಕಾದವರು ಯಾರು, ಅವರು ಇಷ್ಟು ದಿನ ಏನು ಮಾಡುತ್ತಿದ್ದರು ಎಂಬುದೇ ನನ್ನ ಪ್ರಶ್ನೆ.

ಸರಿಯಾದ ದಾರಿ ಯಾವುದೂ ಗುಟ್ಟಲ್ಲ. ಮೊದಲು ಮೆತ್ತನೆಯ ಒಣ ಬ್ರಷ್ಷಿನಿಂದ ಧೂಳು ತೆಗೆಯಬೇಕು. ಪ್ರತಿ ಬಣ್ಣದ ಒಂದು ಮೂಲೆಗೆ ಒದ್ದೆ ಹತ್ತಿ ಮುಟ್ಟಿಸಿ ಬಣ್ಣ ಬಿಡುತ್ತದೆಯೇ ಎಂದು ನೋಡಬೇಕು. ಕೆಲವು ಕೆಂಪುಗಳು ಒಂದು ಹನಿ ನೀರಿಗೇ ಹರಿದುಬಿಡುತ್ತವೆ. ಬಣ್ಣ ನಿಂತರೆ ಶುದ್ಧ ನೀರಿನಲ್ಲಿ ತೊಳೆದು, ಸುಣ್ಣದ ತಿಳಿನೀರನ್ನು ತೆಳುಮಾಡಿ ಅದರಲ್ಲಿ ಅದ್ದಿದರೆ ಕಾಗದದ ಹುಳಿ ತಗ್ಗುತ್ತದೆ. ಅಗ್ಗದ ಕಾಗದದಲ್ಲಿ ಮರದ ತಿರುಳಿನ ಲಿಗ್ನಿನ್ ಉಳಿದಿರುತ್ತದೆ, ತಯಾರಿಸುವಾಗ ಪಟಿಕ ಬೆರೆಸಿರುತ್ತಾರೆ. ಕಾಗದವನ್ನು ಒಳಗಿನಿಂದ ತಿನ್ನುವ ಶತ್ರುಗಳು ಇವೇ. ತೊಳೆದ ಮೇಲೆ ಹಿಪ್ಪುನೇರಳೆ ಜಾತಿಯ ಗಿಡದ ನಾರಿನಿಂದ ಮಾಡಿದ ತೆಳುವಾದ ಜಪಾನೀ ಕಾಗದವನ್ನು ಗೋಧಿಪಿಷ್ಟದ ಅಂಟಿನಿಂದ ಬೆನ್ನಿಗೆ ಕೊಡಬೇಕು. ದೊಡ್ಡ ಹಾಳೆಯಾದರೆ ಅದರ ಹಿಂದೆ ಹತ್ತಿಬಟ್ಟೆ. ಬ್ಲಾಟಿಂಗ್ ಪೇಪರಿನ ನಡುವೆ ಭಾರ ಹೇರಿ ನಿಧಾನವಾಗಿ ಒಣಗಿಸಬೇಕು. ತೂತು ಬಿದ್ದ ಜಾಗಕ್ಕೆ ಮಾತ್ರ ಬಣ್ಣ ತುಂಬಬೇಕು, ಉಳಿದ ಚಿತ್ರದ ಮೇಲೆ ಕುಂಚ ಆಡಿಸುವ ಅಧಿಕಾರ ನಮಗಿಲ್ಲ. ಇದೆಲ್ಲಕ್ಕೂ ಬುನಾದಿಯಾದ ನಿಯಮ ಒಂದೇ: ಇವತ್ತು ನಾನು ಮಾಡಿದ್ದನ್ನು ನಾಳೆ ನನಗಿಂತ ಬಲ್ಲವರು ಬಿಚ್ಚಲು ಸಾಧ್ಯವಾಗಬೇಕು.

ಗೋಡೆಗೆ ಪೋಸ್ಟರ್ ಮೆತ್ತುತ್ತಿದ್ದ ಹುಡುಗರು ಈ ನಿಯಮವನ್ನು ಗೊತ್ತಿಲ್ಲದೆಯೇ ಪಾಲಿಸಿದ್ದರು. ಅವರ ಬಕೆಟ್ಟಿನಲ್ಲಿದ್ದದ್ದು ಮೈದಾ ಅಂಟು. ಹುಳ ಹತ್ತದಿರಲೆಂದು ಅದರಲ್ಲಿ ಒಂದಿಷ್ಟು ಮೈಲುತುತ್ತ ಬೆರೆಸುತ್ತಿದ್ದರು. ಅದಿಲ್ಲದ ಕಡೆ ಬೀದಿ ದನಗಳು ಅಂಟಿನ ಆಸೆಗೆ ಪೋಸ್ಟರನ್ನೇ ಎಳೆದು ತಿನ್ನುತ್ತಿದ್ದವು. ಮೈದಾ ಅಂಟು ನೀರಿಗೆ ಬಿಟ್ಟುಕೊಡುತ್ತದೆ. ಹತ್ತಾರು ವಾರಗಳ ಪೋಸ್ಟರುಗಳು ಒಂದರ ಮೇಲೊಂದು ಕೂತು ರಟ್ಟಿನಂತಾದ ಪದರವನ್ನು ಹದವಾದ ತೇವ ಕೊಟ್ಟು, ತಾಳ್ಮೆಯಿಂದ ಎಬ್ಬಿಸಿದರೆ ಅಡಿಯಲ್ಲಿ ಮಲಗಿದ್ದ ಹಾಳೆ ಎದ್ದು ಬರುತ್ತದೆ. ಬೀದಿಯಲ್ಲಿ ಬಿಸಿಲು ಮಳೆಗೆ ಮೈಯೊಡ್ಡಿದ ಪೋಸ್ಟರನ್ನು ನಾನು ಉಳಿಸಿಕೊಂಡಿದ್ದೇನೆ. ಹವಾನಿಯಂತ್ರಿತ ಕೋಣೆಯಲ್ಲಿ ಲ್ಯಾಮಿನೇಷನ್ ಆದದ್ದನ್ನು ಉಳಿಸಲು ಆಗಿಲ್ಲ.

"ಅದು ಎಸೆಯಲೆಂದೇ ಮಾಡಿದ ವಸ್ತು ಕಣ್ರೀ" ಎಂದು ಓದಿದವರೇ ನನಗೆ ಹೇಳುತ್ತಾರೆ. 1890ರ ದಶಕದ ಪ್ಯಾರಿಸ್ಸಿನಲ್ಲೂ ಪೋಸ್ಟರು ಎಸೆಯುವ ವಸ್ತುವೇ ಆಗಿತ್ತು. ಆದರೆ ಅಲ್ಲಿನ ಸಂಗ್ರಹಕಾರರು ಅಂಟಿಸುವ ಕೂಲಿಗಳಿಗೆ ದುಡ್ಡು ಕೊಟ್ಟು ಹಾಳೆಗಳನ್ನು ಗೋಡೆಗೆ ಹೋಗುವ ಮೊದಲೇ ಪಡೆಯುತ್ತಿದ್ದರು. ಜೂಲ್ ಶೆರೆ ಎಂಬ ಕಲಾವಿದ 1895ರಿಂದ 1900ರವರೆಗೆ ಆಯ್ದ 256 ಪೋಸ್ಟರುಗಳನ್ನು ಚಿಕ್ಕ ಅಳತೆಯಲ್ಲಿ ಮರುಮುದ್ರಿಸಿ ಚಂದಾದಾರರಿಗೆ ಕಳಿಸಿದ. ಫ್ರಾನ್ಸಿನಲ್ಲಿ ಅಚ್ಚಾದ ಪೋಸ್ಟರಿನ ಪ್ರತಿಯನ್ನು ರಾಷ್ಟ್ರೀಯ ಗ್ರಂಥಾಲಯಕ್ಕೆ ಒಪ್ಪಿಸಬೇಕೆಂಬ ಕಾನೂನೇ ಇದೆ. ನಮ್ಮಲ್ಲಿ 1954ರ ಪುಸ್ತಕ ಸಲ್ಲಿಕೆ ಕಾಯ್ದೆ ಇದೆ. ಅದು ಪುಸ್ತಕ, ಕರಪುಸ್ತಕ, ನಕ್ಷೆ, ಸಂಗೀತದ ಹಾಳೆಗಳನ್ನೆಲ್ಲ ಹೆಸರಿಸಿ ಪೋಸ್ಟರನ್ನು ಮರೆಯಿತು. 1972ರ ಪ್ರಾಚ್ಯವಸ್ತು ಕಾಯ್ದೆಯ ಕಣ್ಣಿಗೆ ಬೀಳಬೇಕಾದರೆ ವಸ್ತುವಿಗೆ ನೂರು ವರ್ಷ ತುಂಬಬೇಕು, ಹಸ್ತಪ್ರತಿ ದಾಖಲೆಗಳಿಗಾದರೆ 75. 1954ರ ‘ಬೇಡರ ಕಣ್ಣಪ್ಪ’ದ ಪೋಸ್ಟರು 2054ರವರೆಗೆ ಕಾಯಬೇಕು. ಹುಳಿ ತುಂಬಿದ ಅಗ್ಗದ ಕಾಗದಕ್ಕೆ ಅಷ್ಟು ಆಯುಸ್ಸನ್ನು ಯಾವ ಸರ್ಕಾರ ಕೊಡುತ್ತದೆ?

ಇಷ್ಟಕ್ಕೂ ಏನು ಹೋಯಿತು ಎಂದು ಕೇಳುವವರಿಗೆ ಒಂದು ಹೆಸರು ಸಾಕು: ‘ಸತಿ ಸುಲೋಚನ’. ಕನ್ನಡದ ಮೊದಲ ವಾಕ್ಚಿತ್ರ. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆ ಕಂಡಿತು. ವೈ.ವಿ. ರಾವ್ ನಿರ್ದೇಶನ, ಸುಬ್ಬಯ್ಯ ನಾಯ್ಡು ಇಂದ್ರಜಿತು, ತ್ರಿಪುರಾಂಬ ಸುಲೋಚನೆ, ಆರ್. ನಾಗೇಂದ್ರರಾವ್ ರಾವಣ. ಆ ಸಿನಿಮಾದ ಪ್ರತಿ ಇವತ್ತು ಇಲ್ಲ. ಭಾರತದ ಮೊದಲ ವಾಕ್ಚಿತ್ರ ‘ಆಲಂ ಆರಾ’ದ ಕಥೆಯೂ ಇದೇ. ಇಂಥ ಸಿನಿಮಾಗಳ ಪಾಲಿಗೆ ಉಳಿಯುವ ಸಾಕ್ಷಿಗಳೆಂದರೆ ಸ್ಥಿರಚಿತ್ರ, ಹಾಡಿನ ಪುಸ್ತಕ, ಪೋಸ್ಟರು, ಪತ್ರಿಕೆಯ ಜಾಹೀರಾತು. ಸಿನಿಮಾ ಸತ್ತ ಮೇಲೂ ಅದರ ಪರವಾಗಿ ಮಾತಾಡುವುದು ಜಾಹೀರಾತು. ಅದನ್ನೂ ನಾವು ರದ್ದಿಯವನ ತಕ್ಕಡಿಗೆ ಹಾಕಿದೆವು.

ಸಿನಿಮಾ ಒಂದೇ ಅಲ್ಲ. 1918ರಲ್ಲಿ ಮೈಸೂರು ಸರ್ಕಾರ ಮಾರುಕಟ್ಟೆಗೆ ತಂದ ಸ್ಯಾಂಡಲ್ ಸೋಪಿನ ಪ್ರಚಾರಕ್ಕೆ ಟ್ರಾಮ್ ಟಿಕೆಟ್ಟಿನಿಂದ ಬೆಂಕಿಪೊಟ್ಟಣದವರೆಗೆ ಅದರ ಚಿತ್ರ ಅಚ್ಚು ಹಾಕಿಸಿದರು, ಕರಾಚಿಯ ಬೀದಿಯಲ್ಲಿ ಒಂಟೆಗಳ ಮೆರವಣಿಗೆ ತೆಗೆದರು. ಒಂದು ಸಂಸ್ಥಾನ ತನ್ನ ಶ್ರೀಗಂಧವನ್ನು ಇಡೀ ದೇಶದ ಬಚ್ಚಲುಮನೆಗೆ ಮುಟ್ಟಿಸಿದ ಸಾಹಸ ಅದು. ಮೈಸೂರಿನ ವಿದ್ಯಾರ್ಥಿ ಇವತ್ತು ಆ ಕಾಗದಗಳನ್ನು ನೋಡಬೇಕೆಂದರೆ ಎಲ್ಲಿಗೆ ಹೋಗಬೇಕು? 1947ರಲ್ಲಿ ಅನ್ನದಾ ಮುನ್ಷಿ ಬರೆದ ಚಹಾ ಪೋಸ್ಟರಿನಲ್ಲಿ ಹೆಣ್ಣುಮಗಳೊಬ್ಬಳು ಚರಕದ ಮುಂದೆ ಕೂತಿದ್ದಾಳೆ, ಚಹಾ ನೂರಕ್ಕೆ ನೂರು ಸ್ವದೇಶಿ ಎಂಬ ಘೋಷಣೆ ಅದರಲ್ಲಿದೆ. ಬ್ರಿಟಿಷ್ ತೋಟಗಳ ಎಲೆ ಸ್ವಾತಂತ್ರ್ಯ ಬಂದ ವರ್ಷವೇ ಖಾದಿಯ ಪಕ್ಕ ಬಂದು ಕೂತ ಬಗೆಯನ್ನು ಯಾವ ಭಾಷಣವೂ ಇಷ್ಟು ಬೇಗ ತಿಳಿಸಲಾರದು. ಆ ಹಾಳೆ ಉಳಿದದ್ದರಿಂದ ನಮಗೆ ಅದು ಗೊತ್ತು. ಉಳಿಯದ ಹಾಳೆಗಳಲ್ಲಿ ಏನೇನಿತ್ತೆಂದು ಗೊತ್ತಾಗುವ ದಾರಿಯೇ ಇಲ್ಲ.

ಕಲಬುರಗಿಗೆ ಹೋಗಿ ನೋಡಿ. ಡಾ. ಎಸ್.ಎಂ. ಪಂಡಿತ ರಂಗಮಂದಿರ ಎಂಬ ಹೆಸರು ದೊಡ್ಡದಾಗಿ ಕಾಣುತ್ತದೆ. 1916ರಲ್ಲಿ ಅದೇ ಊರಿನಲ್ಲಿ ಹುಟ್ಟಿದ ಸಾಂಬಾನಂದ ಮೋನಪ್ಪ ಪಂಡಿತರು ಮುಂಬಯಿಗೆ ಹೋಗಿ ಹಿಂದಿ ಸಿನಿಮಾಗಳ ಪ್ರಚಾರಕ್ಕೆ ಬಣ್ಣ ಹಚ್ಚಿದರು, ‘ಫಿಲ್ಮ್‌ಇಂಡಿಯಾ’ ಪತ್ರಿಕೆಗೆ ಮುಖಪುಟ ಬರೆದರು, ಮನೆಮನೆಯ ಕ್ಯಾಲೆಂಡರಿಗೆ ದೇವರನ್ನು ಕೊಟ್ಟರು. ನಮ್ಮಲ್ಲಿ ದೇವರ ಚಿತ್ರವಿರುವ ಹಳೆಯ ಕ್ಯಾಲೆಂಡರನ್ನು ಕಸಕ್ಕೆ ಹಾಕಬಾರದು. ಹಾಗಾಗಿ ಅರಳಿಕಟ್ಟೆಗೆ ಒಯ್ದು ಇಡುತ್ತಾರೆ, ಇಲ್ಲವೇ ಹೊಳೆಗೆ ಬಿಡುತ್ತಾರೆ. ಭಕ್ತಿಯಿಂದಲೇ ಇಡುತ್ತಾರೆ, ಒಪ್ಪುತ್ತೇನೆ. ಒಂದು ಮಳೆಗೆ ಅದು ಮುದ್ದೆಯಾಗುತ್ತದೆ. ಕೆಳಗೆ ಬೀಡಿ ಕಂಪನಿಯ ಹೆಸರು, ಜವಳಿ ಅಂಗಡಿಯ ವಿಳಾಸ, ಶಿವಕಾಶಿಯ ಪ್ರೆಸ್ಸಿನ ಹೆಸರು, ಮೇಲೆ ಕಲಾವಿದನ ರುಜು. ಒಂದು ಪೇಟೆಯ ವ್ಯಾಪಾರದ ಚರಿತ್ರೆಯೂ ಚಿತ್ರಕಲೆಯ ಚರಿತ್ರೆಯೂ ಒಂದೇ ಹಾಳೆಯಲ್ಲಿವೆ. ಕಟ್ಟಡಕ್ಕೆ ಕಲಾವಿದನ ಹೆಸರಿಟ್ಟು, ಅವನ ಕೈಯಿಂದ ಹೊರಟ ಕಾಗದವನ್ನು ಮಳೆಗೆ ಬಿಡುವ ನಾಡಿಗೆ ನಾಚಿಕೆಯಾಗಬೇಕು.

"ಪ್ರಿಂಟ್ ತಾನೇ, ಇನ್ನೊಂದು ತೆಗೆಸಿದರಾಯಿತು" ಎಂಬ ಮಾತಿಗೆ ನನ್ನ ತಾಳ್ಮೆ ತಪ್ಪುತ್ತದೆ. ಎಲ್ಲಿಂದ ತೆಗೆಸುತ್ತೀರಿ? ಕಲ್ಲಚ್ಚಿನ ಕಾಲದಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು ಬೇಕಿತ್ತು. ಅದರ ಮೇಲೆ ಚಿತ್ರವನ್ನು ತಿರುವುಮುರುವಾಗಿ ಕೈಯಿಂದಲೇ ಬರೆಯುತ್ತಿದ್ದರು. ಅಚ್ಚು ಮುಗಿದ ಮೇಲೆ ಮುಂದಿನ ಚಿತ್ರಕ್ಕಾಗಿ ಆ ಕಲ್ಲನ್ನು ಉಜ್ಜಿ ಸವೆಸುತ್ತಿದ್ದರು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಬಂದದ್ದೂ ಇಂಥ ಕಲ್ಲಿನ ಮೇಲಿಂದ. ಕಲ್ಲು ಸವೆದ ಮೇಲೆ ಉಳಿದ ಹಾಳೆಯೇ ಮೂಲ. ಅದರ ಫೋಟೋ ತೆಗೆದು ಹೊಳೆಯುವ ಕಾಗದಕ್ಕೆ ಇಳಿಸಿ, ಚಹಾದ ಡಿಕಾಕ್ಷನ್ನಿನಲ್ಲಿ ಅದ್ದಿ ಹಳತೆಂದು ಮಾರುವವರು ಪೇಟೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರಿಗಿಂತ ಕ್ರೂರಿಗಳು ಇನ್ನೊಂದು ಬಗೆಯವರು. ಹಳೆಯ ವಾರಪತ್ರಿಕೆ, ಮಾಸಪತ್ರಿಕೆಗಳ ಬೈಂಡು ಮಾಡಿದ ಸಂಪುಟಗಳನ್ನು ಕೊಂಡು, ಬ್ಲೇಡು ಹಾಕಿ ಜಾಹೀರಾತಿನ ಪುಟಗಳನ್ನಷ್ಟೇ ಕೊಯ್ದು, ಚೌಕಟ್ಟು ಕಟ್ಟಿ ಹೋಟೆಲುಗಳಿಗೆ ಮಾರುತ್ತಾರೆ. ಕೊಯ್ದ ಪುಟದ ಹಿಂದೆ ಯಾರ ಕಥೆಯ ಕೊನೆಯಿತ್ತೋ, ಯಾವ ಕವಿತೆಯಿತ್ತೋ! ಉಳಿದ ಸಂಪುಟ ಗುಜರಿಗೆ. ಕೊಯ್ದ ಪುಟ ಒಗ್ಗರಣೆಯ ಹೊಗೆಗೆ, ಎದುರಿನ ಬಿಸಿಲಿಗೆ.

ಗ್ರಂಥಾಲಯಗಳು ಇದಕ್ಕೆ ತದ್ವಿರುದ್ಧವಾದ ಕೆಲಸ ಮಾಡಿ ಅಷ್ಟೇ ಹಾನಿ ಮಾಡಿವೆ. ಪತ್ರಿಕೆಗಳನ್ನು ಬೈಂಡಿಂಗಿಗೆ ಕೊಡುವಾಗ ಸಂಪುಟ ದಪ್ಪವಾಗುತ್ತದೆಂದು ಮುಖಪುಟ, ಜಾಹೀರಾತಿನ ಪುಟಗಳನ್ನು ಕಿತ್ತುಹಾಕುವುದು ಎಷ್ಟೋ ಕಡೆ ಪದ್ಧತಿಯೇ ಆಗಿಹೋಗಿತ್ತು. ಲೇಖನ ಸಾಹಿತ್ಯ, ಜಾಹೀರಾತು ಕಸ ಎಂದು ತೀರ್ಮಾನಿಸಿದವರು ಯಾರು? ಒಂದು ಸೀರೆಯ ಬೆಲೆ, ಒಂದು ಶೀಶೆ ಔಷಧಿ ವಾಸಿಮಾಡುತ್ತೇನೆಂದ ರೋಗಗಳ ಪಟ್ಟಿ, ಓದು ಬರಹ ಅಷ್ಟಾಗಿ ಇಲ್ಲದವನಿಗೆ ಅಂಗಡಿಯವನು ಆಡಿದ ಮಾತಿನ ವರಸೆ, ಇವೆಲ್ಲ ಸಂಪಾದಕೀಯದಲ್ಲಿ ಸಿಗುವುದಿಲ್ಲ. ದೊಡ್ಡವರ ಮಾತನ್ನು ಉಳಿಸಿಕೊಳ್ಳಲು ನಮಗೆ ಪ್ರತಿಷ್ಠಾನಗಳಿವೆ. ಸಂತೆಗೆ ಬಂದವನು ತಲೆಯೆತ್ತಿ ನೋಡಿದ್ದೇನು ಎಂಬುದಕ್ಕೆ ಈ ಹಾಳೆಗಳಲ್ಲದೆ ಬೇರೆ ದಾಖಲೆ ಕಡಿಮೆ.

ಬೆಂಗಳೂರಿನ ಟಾಕೀಸುಗಳಲ್ಲಿ ಮೆಜೆಸ್ಟಿಕ್ ಹೋಯಿತು, ಪ್ಲಾಜಾ ಹೋಯಿತು, ಸಾಗರ್ ಹೋಯಿತು, ಕಪಾಲಿ ಹೋಯಿತು. ತಾಲ್ಲೂಕು ಊರುಗಳಲ್ಲಿ ಹೋದ ಟಾಕೀಸುಗಳಿಗೆ ಲೆಕ್ಕವಿಟ್ಟವರಿಲ್ಲ. ಪ್ರತಿ ಸಲವೂ ನಿವೇಶನದ ಅಳತೆ, ಅದರ ಬೆಲೆ ಪತ್ರಿಕೆಯಲ್ಲಿ ಬಂತು. ಪ್ರೊಜೆಕ್ಟರ್ ಕೋಣೆಯ ಪಕ್ಕದ ಗೂಡಿನಲ್ಲಿ ಸುತ್ತಿಟ್ಟ ಪೋಸ್ಟರುಗಳು, ಗಾಜಿನ ಪೆಟ್ಟಿಗೆಗೆ ಹಾಕುತ್ತಿದ್ದ ಸ್ಟಿಲ್ಲುಗಳು ಏನಾದವು ಎಂದು ಯಾರೂ ಕೇಳಲಿಲ್ಲ. ಒಂದು ಊರಿನಲ್ಲಿ ಟಾಕೀಸು ಕೆಡಹುವ ಸುದ್ದಿ ಕೇಳಿ ನಾನು ಓಡಿಹೋದಾಗ ಕೂಲಿಗಳು ಪೋಸ್ಟರಿನ ಸುರುಳಿಗಳನ್ನು ಉರಿಸಿ ಚಹಾ ಕಾಯಿಸುತ್ತಿದ್ದರು. ಅವರದ್ದೇನು ತಪ್ಪು? ಮಾಲೀಕರು ಪೋಸ್ಟರುಗಳನ್ನು ಬಿಟ್ಟು ಕುರ್ಚಿಗಳನ್ನಷ್ಟೇ ಎಣಿಸಿಕೊಂಡು ಒಯ್ದಿದ್ದರು.

ಪ್ರಯತ್ನ ಇಲ್ಲವೆಂದಲ್ಲ. 2023ರಲ್ಲಿ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ತೆರೆದ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ ಜಾಹೀರಾತು, ಕ್ಯಾಲೆಂಡರು, ಸಿನಿಮಾ ಪ್ರಚಾರದ ಕಾಗದಗಳನ್ನು ಕಲೆಯೆಂದೇ ಇಟ್ಟುಕೊಂಡಿದೆ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ 1964ರಿಂದ ಸಿನಿಮಾದ ಜೊತೆಗೆ ಪೋಸ್ಟರು, ಹಾಡಿನ ಪುಸ್ತಕಗಳನ್ನೂ ಕೂಡಿಡುತ್ತ ಬಂದಿದೆ. ಆದರೆ ಮೂವತ್ತೊಂದು ಜಿಲ್ಲೆಗಳ ಕಾಗದವನ್ನು ಒಂದೆರಡು ಸಂಗ್ರಹಾಲಯ ಕಾಯಲಾರವು.

ನಮಗೆ ಸ್ಮಾರಕ ಬೇಡ, ಪ್ರಶಸ್ತಿಯೂ ಬೇಡ. ಪ್ರತಿ ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ಹುಳಿಯಿಲ್ಲದ ರಟ್ಟಿನ ಪೆಟ್ಟಿಗೆಗಳು, ದೊಡ್ಡ ಹಾಳೆ ಮಡಿಸದೆ ಮಲಗಿಸಲು ಅಗಲವಾದ ಡ್ರಾಯರು, ಒಬ್ಬ ತರಬೇತಾದ ಕೈ, ಇಷ್ಟು ಕೊಡಿ. ಸಲ್ಲಿಕೆ ಕಾಯ್ದೆಯಲ್ಲಿ ಪೋಸ್ಟರಿನ ಹೆಸರು ಸೇರಿಸಿ. ಸರ್ಕಾರದ ದುಡ್ಡಿನಲ್ಲಿ ನಡೆಯುವ ಯಾವ ಸಂಸ್ಥೆಯೂ ಹಳೆಯ ಕಾಗದವನ್ನು ಲ್ಯಾಮಿನೇಷನ್ ಮಾಡಿಸಕೂಡದೆಂದು ಆದೇಶ ಹೊರಡಿಸಿ. ಹಳೆಯ ಟಾಕೀಸು ಕೆಡಹಲು ಅನುಮತಿ ಕೊಡುವ ಅಧಿಕಾರಿ ಪ್ರೊಜೆಕ್ಟರ್ ಕೋಣೆಯ ಪಕ್ಕದ ಗೂಡಿನ ಬಾಗಿಲು ತೆಗೆಸಿ, ಒಳಗಿರುವುದನ್ನು ಪಟ್ಟಿ ಮಾಡಿಸಿದ ಮೇಲೆಯೇ ಸಹಿ ಹಾಕಬೇಕು. ಅದಕ್ಕೆ ವಿಧಾನಸಭೆಯ ಅಧಿವೇಶನ ಕಾಯುವ ಅಗತ್ಯವಿಲ್ಲ, ನಾಳೆ ಬೆಳಿಗ್ಗೆ ಒಂದು ಸುತ್ತೋಲೆ ಹೊರಟರೆ ಸಾಕು.