ಪುನರ್ವಸತಿ: ನಾನು ಕಲಿಸಿದ ತಪ್ಪು ಅರ್ಥ



ಶಿಕ್ಷಕನಾದವನು ಸೇವೆಯಿಂದ ನಿವೃತ್ತನಾಗಬಹುದು. ತಾನು ಕಲಿಸಿದ ತಪ್ಪುಗಳಿಂದ ನಿವೃತ್ತನಾಗಲಾರ. ಅಂಥದೊಂದು ತಪ್ಪನ್ನು ಇಂದು ಒಪ್ಪಿಕೊಳ್ಳುತ್ತೇನೆ.

ಆಲಮಟ್ಟಿಯ ಹಿನ್ನೀರು ಏರಿ ಬೀಳಗಿ ತಾಲೂಕಿನ ಹಳ್ಳಿಗಳು ಸ್ಥಳಾಂತರಗೊಂಡ ದಿನಗಳವು. ಇಂಗ್ಲಿಷ್ ಪಾಠದ ನಡುವೆ ಹುಡುಗನೊಬ್ಬ ಎದ್ದು ನಿಂತು, "ಸರ್, ನಮ್ಮ ಹೊಸ ಊರಿನ ಬೋರ್ಡಿನ ಮ್ಯಾಲ ರಿಹ್ಯಾಬಿಲಿಟೇಶನ್ ಅಂತ ಬರದಾರ್ರಿ. ಹಂಗಂದ್ರ ಏನ್ರಿ?" ಎಂದು ಕೇಳಿದ. "ಪುನರ್ವಸತಿ, ಅಂದರೆ ಮತ್ತೆ ಮನೆ ಮಾಡಿಕೊಡುವುದು" ಎಂದೆ. "ಮನಿ ಆಗೇತ್ರಿ ಸರ್, ಅಪ್ಪಗ ಕೆಲಸ ಇಲ್ರಿ" ಎಂದು ಅವನು ಕುಳಿತುಕೊಂಡ. ಅವನ ತಂದೆ ಬಡಿಗ. ರೈತರಿಗೆ ಕುಂಟೆ, ಕೂರಿಗೆ ಮಾಡಿಕೊಟ್ಟು ಸುಗ್ಗಿಯಲ್ಲಿ ಆಯ ಪಡೆಯುತ್ತಿದ್ದವ. ಹೊಲಗಳು ಮುಳುಗಿ ರೈತರು ದಿಕ್ಕುದಿಕ್ಕಿಗೆ ಚದುರಿದ ಮೇಲೆ ಅವನ ಉಳಿಬಾಚಿಗೆ ಕೆಲಸವೆಲ್ಲಿ?

ಹುಡುಗನ ಮಾತೇ ಸರಿ, ನನ್ನ ಅರ್ಥವೇ ತಪ್ಪು. ವಸತಿಯನ್ನು ಹೇಳುವ ಇಂಗ್ಲಿಷ್ ಪದ ಹ್ಯಾಬಿಟೇಶನ್. ರಿಹ್ಯಾಬಿಲಿಟೇಶನ್ ಎಂಬುದು ಲ್ಯಾಟಿನ್ನಿನ ಹ್ಯಾಬಿಲಿಸ್, ಎಂದರೆ ಸಮರ್ಥ ಎಂಬ ಪದದಿಂದ ಬಂದದ್ದು. ನಿಮಗೆ ಕಲಿಸಿದ ಏಬಲ್ ಎಂಬ ಪದವೂ ಅದೇ ಕುಲದ್ದು. ಕಳೆದುಹೋದ ಸಾಮರ್ಥ್ಯವನ್ನು, ಸ್ಥಾನಮಾನವನ್ನು ಮರಳಿಸುವುದೇ ಅದರ ಅರ್ಥ. ಫ್ರಾನ್ಸಿನ ಜೋನ್ ಆಫ್ ಆರ್ಕ್‌ಳನ್ನು 1431ರಲ್ಲಿ ಸುಟ್ಟರು. 1456ರಲ್ಲಿ ಆ ತೀರ್ಪನ್ನು ರದ್ದುಪಡಿಸಿದ ಮರುವಿಚಾರಣೆಯನ್ನು ಚರಿತ್ರಕಾರರು ರಿಹ್ಯಾಬಿಲಿಟೇಶನ್ ಎಂದೇ ಕರೆಯುತ್ತಾರೆ. ಸತ್ತವಳಿಗೆ ಯಾರೂ ನಿವೇಶನ ಕೊಡಲಿಲ್ಲ, ಮಾನ ಮರಳಿಸಿದರು. ಕುಡಿತ ಬಿಡಿಸುವ ಕೇಂದ್ರಕ್ಕೂ ನಾವು ಪುನರ್ವಸತಿ ಕೇಂದ್ರವೆಂದೇ ಹೆಸರಿಟ್ಟಿದ್ದೇವೆ. ಅಲ್ಲಿ ಮನೆ ಕಟ್ಟಿಕೊಡುತ್ತಾರೆಯೇ?

ಕಂಪೆನ್ಸೇಶನ್ ಎಂಬ ಪದದ ಗತಿಯೂ ಇದೇ. ಮೂಲದಲ್ಲಿ ಅದು ತಕ್ಕಡಿಯ ಮಾತು: ಕಳೆದದ್ದನ್ನೂ ಕೊಟ್ಟದ್ದನ್ನೂ ಸಮವಾಗಿ ತೂಗುವುದು. ನಾವು ಅದನ್ನು ಪರಿಹಾರ ಎಂದೆವು. ಚೆಕ್ಕು ಕೈಗೆ ಬಂದೊಡನೆ ಕಷ್ಟವೇ ಪರಿಹಾರವಾಯಿತೆಂಬ ಭ್ರಮೆ ಆ ಪದದಲ್ಲಿಯೇ ಅಡಗಿದೆ.

"ಪದದಲ್ಲೇನಿದೆ ಗುರುಗಳೇ, ಹಣ ಮುಖ್ಯ" ಎನ್ನುವಿರಿ. ಪದದಲ್ಲಿ ಲೆಕ್ಕವಿದೆ. ವಸತಿ ಎಂದರೆ ಮನೆಗಳನ್ನು ಎಣಿಸಿ ಕಡತ ಮುಚ್ಚಬಹುದು. ಸಾಮರ್ಥ್ಯ ಎಂದರೆ ಮನುಷ್ಯರನ್ನು ಎಣಿಸಬೇಕಾಗುತ್ತದೆ. ರಬಕವಿ-ಬನಹಟ್ಟಿಯ ನೇಕಾರರನ್ನು ಕೇಳಿರಿ. ಮಗ್ಗವನ್ನು ಲಾರಿಗೆ ಹೇರಬಹುದು. ನೂಲು ಕೊಡುವವನನ್ನು, ಬಣ್ಣ ಹಾಕುವವನನ್ನು, ಸೀರೆ ಕೊಳ್ಳುವ ವ್ಯಾಪಾರಿಯನ್ನು ಹೇರಲಾದೀತೇ?

2013ರ ಭೂಸ್ವಾಧೀನ ಕಾಯ್ದೆಯ ಇಂಗ್ಲಿಷ್ ಹೆಸರಿನಲ್ಲಿಯೇ ರಿಹ್ಯಾಬಿಲಿಟೇಶನ್ ಬೇರೆ, ರಿಸೆಟಲ್‌ಮೆಂಟ್ ಬೇರೆ. ಮತ್ತೆ ನೆಲೆಗೊಳಿಸುವುದು ಎರಡನೆಯದರ ಕೆಲಸ. ಭೂಮಿಯಿಲ್ಲದಿದ್ದರೂ, ಸ್ವಾಧೀನಕ್ಕೆ ಮೊದಲು ಮೂರು ವರ್ಷ ಅಲ್ಲಿ ದುಡಿದು ಬದುಕಿದ ಕೂಲಿಕಾರನ, ಕುಶಲಕರ್ಮಿಯ ಕುಟುಂಬವೂ ಬಾಧಿತ ಕುಟುಂಬವೆಂದು ಆ ಕಾಯ್ದೆ ಒಪ್ಪುತ್ತದೆ. ಕಾಯ್ದೆಗೆ ಕಂಡ ಬಡಿಗ ನಮ್ಮ ಕನ್ನಡ ಪದಕ್ಕೆ ಕಾಣಲಿಲ್ಲ.

ಇದು ಹಳೆಯ ಕಥೆಯಲ್ಲ. ಆಣೆಕಟ್ಟೆಯ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು 2010ರಲ್ಲಿ ನ್ಯಾಯಮಂಡಳಿ ಸಮ್ಮತಿಸಿತು. 2025ರ ಸೆಪ್ಟೆಂಬರಿನಲ್ಲಿ ಸಚಿವ ಸಂಪುಟವು ಎಕರೆಗೆ ನೀರಾವರಿ ಜಮೀನಿಗೆ 40 ಲಕ್ಷ, ಒಣ ಜಮೀನಿಗೆ 30 ಲಕ್ಷ ರೂಪಾಯಿ ನಿಗದಿಪಡಿಸಿತು. ಭೂಮಿಯ ಬೆಲೆ ಏರಿದ್ದು ಸಂತೋಷ. ಆದರೆ ಎಕರೆಯೇ ಇಲ್ಲದವನನ್ನು ಯಾವ ದರದಲ್ಲಿ ತೂಗುವಿರಿ?

ಜಮಖಂಡಿ, ಮುಧೋಳಗಳಲ್ಲಿ ನನ್ನ ಕೈಯಲ್ಲಿ ಕಲಿತು ಇಂದು ಇಂಜಿನಿಯರ್, ವಕೀಲ, ಅಧಿಕಾರಿಗಳಾಗಿರುವವರೇ, ನಿಮ್ಮ ಮೇಜಿನ ಮೇಲಿನ ಕಡತದಲ್ಲಿ ಪುನರ್ವಸತಿ ಎಂದಿದ್ದಲ್ಲಿ, ಬಾಳು ಕಟ್ಟಿಕೊಡುವುದು ಎಂದು ಓದಿಕೊಳ್ಳಿರಿ. ಬಳಿಕವೇ ಸಹಿ ಮಾಡಿರಿ. ಅಂದು ತಪ್ಪು ಹೇಳಿಕೊಟ್ಟ ಶಿಕ್ಷಕನು ತಡವಾಗಿ ಮಾಡುತ್ತಿರುವ ತಿದ್ದುಪಡಿ ಇದು.