ಅಮ್ಮ ಸೆಕೆಂಡ್ ಶಿಫ್ಟಿಗೆ ಹೋದಾಗ

ಹೊಸೂರಿನಿಂದ ರಾಯಕೋಟೆಗೆ ಹೋಗುವ ರಸ್ತೆಯಲ್ಲಿ ಸಿಗುವ ಉದ್ದನಪಲ್ಲಿಯಲ್ಲಿ ಕೂಸನ್ನು ಹತ್ತಿರ ಕರೆಯಲು ಮೂರು ಮಾತುಗಳಿವೆ. ಕನ್ನಡದವರು ‘ಬಾ’ ಅನ್ನುತ್ತಾರೆ, ತೆಲುಗಿನವರು ‘ರಾ’, ತಮಿಳಿನವರು ‘ವಾ’. ಅಂಬೆಗಾಲಿಡುವ ಕೂಸು ಮೂರಕ್ಕೂ ತಿರುಗಿ ನೋಡುತ್ತದೆ. ಕರೆಯುವವರು ಹಗಲು ಹೊತ್ತು ಮನೆಯಲ್ಲಿರಬೇಕು, ಅಷ್ಟೆ.

ಟೊಮೇಟೊ, ಕೋಸು, ಹೂವು ಬೆಳೆಯುವ ಈ ಸೀಮೆಯಲ್ಲಿ ಕೂಸು ನೋಡಿಕೊಳ್ಳುವುದನ್ನು ಯಾರೂ ಕಸುಬು ಎಂದುಕೊಂಡಿರಲಿಲ್ಲ. ಅಮ್ಮ ಹೂ ಬಿಡಿಸಲು ಹೋದರೆ ಬದುವಿನ ಹೊಂಗೆ ಕೊಂಬೆಗೆ ಹಳೇ ಸೀರೆಯ ಜೋಲಿ ಕಟ್ಟುತ್ತಿದ್ದಳು. ಇಲ್ಲವಾದರೆ ಅತ್ತೆ ಇದ್ದರು, ಅಕ್ಕಪಕ್ಕದವರಿದ್ದರು. ಈಗ ಹೊಲದ ಕೆಲಸದ ಜಾಗಕ್ಕೆ ಶಿಫ್ಟು ಬಂದಿದೆ. ಪಕ್ಕದ ನಾಗಮಂಗಲದ ಬಳಿ ಟಾಟಾ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಎದ್ದಿದೆ. ಐಫೋನಿನ ಬಿಡಿಭಾಗ ತಯಾರಾಗುವ ಅಲ್ಲಿನ ಸಾವಿರಾರು ಕೆಲಸಗಾರರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಅವರಲ್ಲಿ ಬಹಳ ಮಂದಿ ಇಪ್ಪತ್ತರ ಆಸುಪಾಸಿನವರು. ದೂರದ ಜಿಲ್ಲೆಗಳಿಂದ, ಬೇರೆ ರಾಜ್ಯಗಳಿಂದ ಬಂದು ಹಾಸ್ಟೆಲಿನಲ್ಲಿರುವವರು. ಇನ್ನು ನಾಲ್ಕಾರು ವರ್ಷಕ್ಕೆ ಇವರಲ್ಲಿ ಎಷ್ಟೋ ಮಂದಿಯ ಸೊಂಟದ ಮೇಲೆ ಕೂಸಿರುತ್ತದೆ. ಅತ್ತೆ ಇರುವುದು ಒಡಿಶಾದಲ್ಲೋ ಜಾರ್ಖಂಡಿನಲ್ಲೋ.

ಕಾನೂನು ಏನು ಕೊಟ್ಟಿದೆ ನೋಡೋಣ. ಹೆರಿಗೆ ಸೌಲಭ್ಯ ಕಾಯ್ದೆಗೆ ಬಂದ 2017ರ ತಿದ್ದುಪಡಿಯ ನಂತರ ಮೊದಲೆರಡು ಹೆರಿಗೆಗೆ 26 ವಾರಗಳ ಸಂಬಳದ ರಜೆ ಇದೆ. ಅದರಲ್ಲಿ ಹೆರಿಗೆಗೆ ಮುಂಚೆ ಎಂಟು ವಾರ ತೆಗೆದುಕೊಂಡರೆ ಉಳಿಯುವುದು 18. ಎಂದರೆ ತಾಯಿ ಕೆಲಸಕ್ಕೆ ಮರಳುವ ದಿನ ಕೂಸಿಗೆ ನಾಲ್ಕು ತಿಂಗಳು; ಎಲ್ಲ ರಜೆಯನ್ನೂ ಹೆರಿಗೆಯ ನಂತರಕ್ಕೇ ಉಳಿಸಿಕೊಂಡರೂ ಆರು ತಿಂಗಳು. ಇತ್ತ ತಮಿಳುನಾಡಿನ ಅಂಗನವಾಡಿ, ಅಂದರೆ ಇಲ್ಲಿನವರ ಬಾಲವಾಡಿ, ಮಗುವನ್ನು ಕೂರಿಸಿಕೊಳ್ಳುವುದು ಎರಡು ವರ್ಷ ತುಂಬಿದ ಮೇಲೆ. ಅದಕ್ಕೂ ಚಿಕ್ಕ ಕೂಸಿಗೆ ‘ಸತ್ತುಮಾವು’ ಪೊಟ್ಟಣ ಮನೆಗೆ ಸಿಗುತ್ತದೆ, ಮಡಿಲು ಸಿಗುವುದಿಲ್ಲ. ನಡುವಿನ ಆ ಒಂದೂವರೆ ವರ್ಷ ಯಾರ ಲೆಕ್ಕದಲ್ಲೂ ಇಲ್ಲ. ಎರಡು ದಾಟಿದ ಮೇಲೂ ಬಾಲವಾಡಿಗೆ ಸಂಜೆಯಾಗುವ ಮುಂಚೆ ಬೀಗ ಬೀಳುತ್ತದೆ. ಸೆಕೆಂಡ್ ಶಿಫ್ಟಿನವಳು ಮನೆ ಸೇರುವುದು ರಾತ್ರಿ.

50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಲೇಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಬಹುದು ಎಂದೂ ಅದೇ ತಿದ್ದುಪಡಿ ಹೇಳಿತು. ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದೇ 50ರ ಲೆಕ್ಕ ಉಳಿದಿದೆ. ನಿಯಮ ಒಳ್ಳೆಯದೇ. ಆದರೆ ಎಂಟು ಜನರ ವರ್ಕ್‌ಶಾಪಿನವಳಿಗೆ, ಟೊಮೇಟೊ ಮಂಡಿಯಲ್ಲಿ ಬಾಕ್ಸ್ ತುಂಬುವವಳಿಗೆ, ಬ್ಯೂಟಿ ಪಾರ್ಲರಿನವಳಿಗೆ ಅದು ತಾಗುವುದಿಲ್ಲ. ತಾಗುವವರಿಗೂ ಒಂದು ಪ್ರಶ್ನೆ ಇದೆ: ಬೆಳಗಿನ ಜಾವದ ಕಂಪನಿ ಬಸ್ಸಿಗೆ ಆರು ತಿಂಗಳ ಕೂಸನ್ನು ಸುತ್ತಿಕೊಂಡು ಹತ್ತುವುದು ಹೇಗೆ? ತಾಯಂದಿರಿಗೆ ಬೇಕಾಗಿರುವುದು ತಮ್ಮ ಬೀದಿಯಲ್ಲೇ ಇರುವ, ಹೆಸರು ಹಿಡಿದು ಕರೆಯಬಹುದಾದ ಒಬ್ಬ ಅಕ್ಕ.

ಅಂಥ ಅಕ್ಕ ಒಬ್ಬಳು ಇದ್ದಾಳೆ ಎನ್ನಿ. ವಯಸ್ಸು ನಲವತ್ತೆರಡು, ಸ್ವಂತ ಮಕ್ಕಳು ಹೈಸ್ಕೂಲು ದಾಟಿದ್ದಾರೆ, ಶೀಟಿನ ಮನೆ, ಮುಂದೊಂದು ಜಗಲಿ. ನಾಲ್ಕು ಮಕ್ಕಳನ್ನು ಹಣಕ್ಕೆ ನೋಡಿಕೊಳ್ಳಬೇಕು, ಅದನ್ನೂ ಸರಿಯಾಗಿ ನೋಂದಾಯಿಸಿಯೇ ಮಾಡಬೇಕು ಎಂಬುದು ಅವಳ ಆಸೆ. ಎಲ್ಲಿಗೆ ಹೋಗಬೇಕು? 2021ರಲ್ಲಿ ಶುರುವಾದ ಇ-ಶ್ರಮ್ ಪೋರ್ಟಲಿನಲ್ಲಿ ಅಸಂಘಟಿತ ಕಾರ್ಮಿಕಳೆಂದು ಹೆಸರು ಬರೆಸಬಹುದು. ಉದ್ಯಮ್ ಪೋರ್ಟಲಿನಲ್ಲಿ ಆಧಾರ್ ಕೊಟ್ಟು, ಪೈಸೆ ಖರ್ಚಿಲ್ಲದೆ, ಕಿರು ಉದ್ಯಮಿ ಎಂಬ ಪ್ರಮಾಣಪತ್ರ ಪಡೆಯಬಹುದು. ಮೊದಲನೆಯದು ಅವಳ ದುಡಿಮೆಯನ್ನು ಬರೆದುಕೊಳ್ಳುತ್ತದೆ, ಎರಡನೆಯದು ವ್ಯಾಪಾರವನ್ನು. ಅವಳ ಮನೆಯ ನೀರಿನ ಸಂಪಿಗೆ ಮುಚ್ಚಳ ಇದೆಯೇ ಎಂದು ಎರಡೂ ಕೇಳುವುದಿಲ್ಲ. ಇನ್ನೊಂದು ತಮಾಷೆ ನೋಡಿ. ತಮಿಳುನಾಡಿನಲ್ಲಿ 2007ರಿಂದ ಮನೆಗೆಲಸದವರಿಗೊಂದು ಕಲ್ಯಾಣ ಮಂಡಳಿ ಇದೆ. ಅಕ್ಕ ಇನ್ನೊಬ್ಬರ ಮನೆಗೆ ಹೋಗಿ ಕೂಸು ಆಡಿಸಿದರೆ ಆ ಬಾಗಿಲು ತಟ್ಟಬಹುದು. ಅದೇ ಕೂಸು ಅವಳ ಮನೆಗೆ ಬಂದರೆ ಅವಳು ಮನೆಯಲ್ಲಿ ‘ಸುಮ್ಮನೆ’ ಇರುವ ಹೆಂಗಸು.

ಇಂಗ್ಲೆಂಡಿಗೆ ಹೋಗಿ ನೆಲೆಸಿದ ಕನ್ನಡದ ಐಟಿ ದಂಪತಿಗಳಿಗೆ ‘ಚೈಲ್ಡ್‌ಮೈಂಡರ್’ ಎಂಬ ಮಾತು ಗೊತ್ತು. ಅಲ್ಲಿ ತಮ್ಮ ಮನೆಯಲ್ಲಿ ಹಣ ಪಡೆದು ಮಕ್ಕಳನ್ನು ನೋಡಿಕೊಳ್ಳುವವರು ಆಫ್‌ಸ್ಟೆಡ್ ಎಂಬ ಸರ್ಕಾರಿ ಸಂಸ್ಥೆಯಲ್ಲೋ ಅದು ಒಪ್ಪಿದ ಏಜೆನ್ಸಿಯಲ್ಲೋ ನೋಂದಾಯಿಸಿಕೊಳ್ಳಬೇಕು. ಎಂಟು ವರ್ಷದೊಳಗಿನ ಮಕ್ಕಳು ಒಟ್ಟು ಆರಕ್ಕಿಂತ ಹೆಚ್ಚಿರುವಂತಿಲ್ಲ, ಆ ಆರರಲ್ಲಿ ತಮ್ಮ ಮಕ್ಕಳೂ ಸೇರುತ್ತಾರೆ. ಮಕ್ಕಳ ಪ್ರಥಮ ಚಿಕಿತ್ಸೆಯ 12 ಗಂಟೆ ತರಬೇತಿ ಕಡ್ಡಾಯ. ಮನೆಯಲ್ಲಿರುವ 16 ದಾಟಿದ ಪ್ರತಿಯೊಬ್ಬರ ಪೊಲೀಸ್ ಹಿನ್ನೆಲೆಯನ್ನೂ ತಪಾಸಣೆ ಮಾಡುತ್ತಾರೆ. ಗಂಡ, ಮೈದುನ, ಬಾಡಿಗೆಗಿರುವ ಹುಡುಗ, ಯಾರಿಗೂ ವಿನಾಯಿತಿ ಇಲ್ಲ. ನಮ್ಮ ಕಡೆ ನಕಲು ಮಾಡಬೇಕಾದ ನಿಯಮ ಒಂದೇ ಎಂದರೆ ಈ ಕೊನೆಯದನ್ನು ಆರಿಸಬಹುದು.

ಅದು ಶ್ರೀಮಂತ ದೇಶದ ಮಾತು ಎನ್ನುವವರು ಕೊಲಂಬಿಯಾ ನೋಡಲಿ. 1986ರಲ್ಲಿ ಅಲ್ಲಿನ ಸರ್ಕಾರ ಬಡ ಬಡಾವಣೆಗಳ ಹೆಂಗಸರ ಮನೆಗಳನ್ನೇ ಶಿಶುಪಾಲನೆಯ ಜಾಗ ಮಾಡಿತು. ಅವರನ್ನು ‘ಸಮುದಾಯದ ತಾಯಂದಿರು’ ಎಂದು ಕರೆಯಿತು, ಮಕ್ಕಳ ಊಟಕ್ಕೆ ಹಣ ಕೊಟ್ಟಿತು. ಆದರೆ ಅವರನ್ನು ಕೆಲಸಗಾರರು ಎಂದು ಒಪ್ಪಿ ಕನಿಷ್ಠ ವೇತನದ ಕರಾರು ಕೊಡಲು 2014 ಬರಬೇಕಾಯಿತು. ಈ ಕಥೆ ನಮ್ಮ ಕಿವಿಗೆ ಹೊಸದಲ್ಲ. 1975ರ ಅಕ್ಟೋಬರ್ 2ರಂದು ಶುರುವಾದ ಅಂಗನವಾಡಿ ಯೋಜನೆಯ ಕಾರ್ಯಕರ್ತೆಯರು ಇಂದಿಗೂ ಎಣಿಸುವುದು ‘ಗೌರವಧನ’ವನ್ನೇ, ಅವರಿಗೂ ಗ್ರಾಚ್ಯುಟಿ ಸಲ್ಲಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2022ರಲ್ಲಿ.

ಹತ್ತಿರದ ದಾರಿಯೂ ಇದೆ. ಅತ್ತಿಬೆಲೆಯ ಗಡಿ ದಾಟಿದರೆ ಕರ್ನಾಟಕದಲ್ಲಿ ‘ಕೂಸಿನ ಮನೆ’. 2023ರ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆಂದು ಘೋಷಿಸಿದ ಈ ಯೋಜನೆ, ಮೂರು ವರ್ಷದೊಳಗಿನ ಮಕ್ಕಳನ್ನು ನೋಡಿಕೊಳ್ಳಲು ಉದ್ಯೋಗ ಖಾತರಿಯ ಜಾಬ್ ಕಾರ್ಡ್ ಇರುವ ಊರ ಹೆಂಗಸರಿಗೇ ತರಬೇತಿ ಕೊಟ್ಟು, ಸರದಿಯ ಮೇಲೆ ಕೂರಿಸಿತು. ಕೊರತೆಯೂ ಅಲ್ಲೇ ಇದೆ. ದೊಡ್ಡವರ ಕೂಲಿ ದಿನಗಳ ಲೆಕ್ಕಕ್ಕೆ ಸರದಿ ತಿರುಗುತ್ತದೆ, ಕೂಸು ಒಂದು ಮುಖಕ್ಕೆ ಒಗ್ಗುವ ಹೊತ್ತಿಗೆ ಇನ್ನೊಂದು ಮುಖ ಬಂದಿರುತ್ತದೆ. ಅಹಮದಾಬಾದಿನ ‘ಸೇವಾ’ ಎಂಬ ದುಡಿಯುವ ಹೆಂಗಸರ ಸಂಘಟನೆ ಬೇರೆ ದಾರಿ ಹಿಡಿಯಿತು. ಅದರ ಸಂಗಿನಿ ಶಿಶುಪಾಲನಾ ಸಹಕಾರ ಸಂಘದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಹೆಂಗಸರೇ ಸದಸ್ಯರು, ಸಂಘದ ಒಡತಿಯರು. ಕೇಂದ್ರ ತೆರೆಯುವ ಹೊತ್ತನ್ನು ತಾಯಂದಿರ ದುಡಿಮೆಯ ಹೊತ್ತು ನೋಡಿ ಗೊತ್ತು ಮಾಡುತ್ತಾರೆ.

ಉದ್ದನಪಲ್ಲಿಯ ಅಕ್ಕ ಮಾತ್ರ ಸರ್ಕಾರ ಬರುವ ತನಕ ಕಾಯುವವಳಲ್ಲ. ಅವಳು ನಾಳೆಯೇ ಶುರು ಮಾಡುವುದಾದರೆ ಮೊದಲ ಖರ್ಚು ಆಟಿಕೆಯ ಮೇಲೆ ಆಗಬೇಕಿಲ್ಲ, ಸಂಪಿನ ಮುಚ್ಚಳಕ್ಕೊಂದು ಬೀಗದ ಮೇಲೆ ಆಗಬೇಕು. ನಲ್ಲಿ ನೀರು ಬಂದ ದಿನ ಡ್ರಮ್ಮು, ಬಕೆಟ್ಟು, ಕೊಡಪಾನ ಎಲ್ಲ ತುಂಬಿಡುವ ಊರಿದು. ತಲೆ ಭಾರವಾದ ವರ್ಷದ ಕೂಸು ಬಕೆಟ್ಟಿಗೆ ಬಗ್ಗಿದರೆ ಮತ್ತೆ ಮೇಲೇಳಲಾರದು, ಒಂದು ಗೇಣಿಗಿಂತ ಕಡಿಮೆ ನೀರು ಸಾಕು. ಎರಡನೆಯದು ಗ್ಯಾಸ್ ಸಿಲಿಂಡರ್ ಇರುವ ಅಡುಗೆಮನೆಗೆ ಸೊಂಟದೆತ್ತರದ ಅಡ್ಡಬಾಗಿಲು. ಕಡಲೆಕಾಯಿ ಬೀಜ ಅಟ್ಟಕ್ಕೆ ಹೋಗಬೇಕು. ಸಿಪ್ಪೆ ಬಿಡಿಸಿ ಬಾಯಿಗಿಡುವ ಪ್ರೀತಿಯೇ ಕೂಸಿನ ಉಸಿರು ಕಟ್ಟಿಸುತ್ತದೆ.

ಹಾಲಿನ ವಿಷಯ ಇನ್ನೂ ಸೂಕ್ಷ್ಮ. ತಾಯಿ ಹಿಂಡಿಟ್ಟು ಹೋದ ಎದೆಹಾಲು 25 ಡಿಗ್ರಿಯೊಳಗೆ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ನಾಲ್ಕು ದಿನ ಇರುತ್ತದೆ. ಏಪ್ರಿಲ್ ಮಧ್ಯಾಹ್ನದ ಶೀಟಿನ ಮನೆಯಲ್ಲಿ ಆ ನಾಲ್ಕು ಗಂಟೆಯನ್ನು ನಂಬುವಂತಿಲ್ಲ, ಕರೆಂಟು ಹೋದರೆ ಫ್ರಿಜ್ಜನ್ನೂ. ಡಬ್ಬಿಯ ಮೇಲೆ ಹಿಂಡಿದ ಹೊತ್ತು ಬರೆದ ಟೇಪು ಇರಲೇಬೇಕು. ಕೂಸು ಅತ್ತಿತೆಂದು ಬಜೆ ತೇಯ್ದು ನಾಲಿಗೆಗೆ ಹಚ್ಚುವ, ಗ್ರೈಪ್ ವಾಟರ್ ಹಾಕುವ ಹಿರಿಯರ ಕೈಚಳಕ ಸ್ವಂತ ಮೊಮ್ಮಕ್ಕಳ ಮೇಲೂ ಬೇಡ, ಹಣ ಪಡೆದು ನೋಡಿಕೊಳ್ಳುವ ಕೂಸಿನ ಮೇಲಂತೂ ಬೇಡವೇ ಬೇಡ. ಆರು ತಿಂಗಳ ತನಕ ಎದೆಹಾಲು ಬಿಟ್ಟು ಬೇರೇನೂ ಕೊಡಬಾರದು ಎನ್ನುತ್ತಾರೆ ವೈದ್ಯರು. ರಾಗಿ ಸರಿ ಆಮೇಲೆ.

ಇನ್ನು ದುಡ್ಡು. ಬೀದಿಯವರ ಹತ್ತಿರ ಬಾಯಿಬಿಟ್ಟು ಕೇಳುವುದು ಹೇಗೆ ಎಂಬ ಸಂಕೋಚದಲ್ಲೇ ಈ ಕಸುಬು ಸೊರಗುವುದು. ಕೂಸಿಗೆ ಜ್ವರ ಬಂದು ಬಾರದ ದಿನಕ್ಕೆ ಸಂಬಳ ಉಂಟೋ ಇಲ್ಲವೋ, ಶಿಫ್ಟು ಮುಗಿದ ಮೇಲೆ ಓಟಿ ಮಾಡಿದರೆ ಗಂಟೆಗೆಷ್ಟು, ಡೈಪರು ಯಾರದು, ಇವೆಲ್ಲ ಮೊದಲ ದಿನವೇ ಕಾಗದದ ಮೇಲೆ ಬಂದರೆ ಜಗಳ ಅರ್ಧ ಕಡಿಮೆ. ಮಗುವಿನ ಮೈಮೇಲೆ ಅನುಮಾನದ ಗುರುತು ಕಂಡರೆ ‘ಅವರ ಮನೆ ವಿಷಯ’ ಎಂದು ಬಿಡುವಂತಿಲ್ಲ. 2012ರ ಪೋಕ್ಸೋ ಕಾಯ್ದೆ, ಲೈಂಗಿಕ ದೌರ್ಜನ್ಯ ಗೊತ್ತಾದ ಯಾರೇ ಆದರೂ ಪೊಲೀಸರಿಗೆ ತಿಳಿಸಬೇಕು ಎನ್ನುತ್ತದೆ. ಬಾಗಿಲ ಹಿಂದೆ ಆಂಬುಲೆನ್ಸಿನ 108, ಮಕ್ಕಳ ಸಹಾಯವಾಣಿಯ 1098 ಎಂಬ ಎರಡು ನಂಬರು ದೊಡ್ಡದಾಗಿ ಬರೆದಿರಲಿ.

ಸರ್ಕಾರ ಮಾಡಬೇಕಾದ್ದು ಅಷ್ಟು ದೊಡ್ಡದಲ್ಲ. ಹೊಸ ಕಟ್ಟಡ ಬೇಡ. ಬ್ಲಾಕಿನ ಶಿಶು ಅಭಿವೃದ್ಧಿ ಕಚೇರಿಯಲ್ಲಿ ಒಂದು ಪುಸ್ತಕ, ಮನೆಗೆ ನಾಲ್ಕೇ ಮಕ್ಕಳು ಎಂಬ ಮಿತಿ, ಮನೆಮಂದಿಯ ಪೊಲೀಸ್ ಪರಿಶೀಲನೆ, ಒಂದು ವಾರದ ತರಬೇತಿ, ವರ್ಷಕ್ಕೆರಡು ಸಲ ಹೇಳದೆ ಬಂದು ನೋಡುವ ಒಬ್ಬ ಮೇಲ್ವಿಚಾರಕಿ. ಲೈಸೆನ್ಸ್ ರಾಜ್ ಬರುತ್ತದೆ, ಅಕ್ಕಂದಿರು ಕಚೇರಿ ಸುತ್ತಿ ಸುಸ್ತಾಗುತ್ತಾರೆ ಎಂಬ ಹೆದರಿಕೆ ಸುಳ್ಳಲ್ಲ. ಹಾಗಾಗಿಯೇ ಅರ್ಜಿ ಒಂದೇ ಪುಟದ್ದಿರಬೇಕು. ಅದೂ ತಮಿಳಿನ ಜೊತೆಗೆ ಕನ್ನಡದಲ್ಲೂ ತೆಲುಗಿನಲ್ಲೂ ಇರಬೇಕು.

ಅಲ್ಲಿಯವರೆಗೆ ಅಕ್ಕನ ನೋಂದಣಿ ಪುಸ್ತಕ ಎಂದರೆ ಅಂಗಡಿಯ ಇನ್ನೂರು ಪುಟದ ನೋಟ್‌ಬುಕ್ಕು. ಲಸಿಕೆ ಕಾರ್ಡಿನ ಜೆರಾಕ್ಸ್ ಅಂಟಿಸಿದ ಮೊದಲ ಪುಟ, ಕುಡಿದದ್ದು, ಮಲಗಿದ್ದು, ಭೇದಿಯಾದದ್ದು ಬರೆಯುವ ಮನೆಗಳು, ಕೊನೆಯ ಮನೆಯಲ್ಲಿ ‘ಕರೆದುಕೊಂಡು ಹೋಗುವವರು’. ಸೆಕೆಂಡ್ ಶಿಫ್ಟಿನ ಬಸ್ಸು ಬಂದು ನಿಂತಾಗ ಬೀದಿ ಮಲಗಿರುತ್ತದೆ. ಟ್ಯಾಗು ಇನ್ನೂ ಕೊರಳಲ್ಲಿ ನೇತಾಡುತ್ತಿರುವ ಅಮ್ಮ ಜಗಲಿ ಹತ್ತುತ್ತಾಳೆ. ಜೋಲಿಯಲ್ಲಿ ನಿದ್ದೆ ಹೋದ ಕೂಸನ್ನು ಎತ್ತಿ ಅವಳ ಹೆಗಲಿಗೆ ಹಾಕುವ ಮುಂಚೆ ಅಕ್ಕ ನೋಟ್‌ಬುಕ್ಕು, ಪೆನ್ನು ಮುಂದಿಡುತ್ತಾಳೆ. ‘ನಾಳೆ ಸೈನ್ ಹಾಕಿದರೆ ಆಗಲ್ವಾ ಅಕ್ಕ, ಕೈ ಖಾಲಿ ಇಲ್ಲ’ ಎನ್ನುತ್ತಾಳೆ ಅಮ್ಮ. ‘ಹಾಕಮ್ಮ, ಆಮೇಲೆ ಕೂಸು ಕೊಡ್ತೀನಿ.’